ಜಗುಲಿ ಇಲ್ಲದ ನಕ್ಷೆ

ನಮ್ಮ ಅತ್ತೆಗೆ ಹಗಲು ಹೊತ್ತು ಮನೆಯೊಳಗೆ ಜಾಗ ಇರಲಿಲ್ಲ ಎಂದರೆ ಕೇಳಿದವರು ನನ್ನನ್ನೇ ಬೈಯುತ್ತಾರೆ. ಬೈಯಲಿ. ಮೊದಲು ಬಂದು ಮನೆ ನೋಡಿ ಆಮೇಲೆ ಬೈಯಲಿ. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅಷ್ಟೇ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಅಂಟಿಕೊಂಡು ನನ್ನ ಹೊಲಿಗೆ ಮಷೀನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಹಲಗೆ, ಹಲಗೆಯ ಕೆಳಗೆ ಗಿರಾಕಿಗಳ ಬಟ್ಟೆಗಂಟು. ಯಾರಾದರೂ ಅಳತೆ ಕೊಡಲು ಬಂದರೆ ಅವರು ಒಳಗೆ ಬರಲೆಂದು ನಾನು ಎದ್ದು ಮಷೀನಿನ ಹಿಂದೆ ನಿಲ್ಲಬೇಕು. ರಾತ್ರಿ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದರೆ ನನಗೂ ನನ್ನ ಗಂಡನಿಗೂ ಹಾಸಿಗೆ. ಅಡುಗೆಮನೆಯಲ್ಲಿ ಸಿಲಿಂಡರಿನ ಪಕ್ಕ ಇಬ್ಬರು ಹೆಣ್ಣುಮಕ್ಕಳು ಮತ್ತು ಅವರ ಅಜ್ಜಿ. ಬೆಳಕು ಹರಿದರೆ ಸಾಕು, ಅತ್ತೆ ಚಾಪೆ ಸುತ್ತಿಟ್ಟು ಹೊರಗೆ ಹೊರಟುಬಿಡುತ್ತಿದ್ದರು. ದೂರ ಎಲ್ಲಿಗೂ ಅಲ್ಲ, ಬಾಗಿಲ ಪಕ್ಕದ ಜಗುಲಿಗೆ.

ಆ ಜಗುಲಿಯನ್ನು ಅವರೇ ಕಟ್ಟಿದ್ದು. ಅತ್ತೆ ಗಾರೆ ಕೆಲಸದವರು. ತಲೆಯ ಮೇಲೆ ಇಟ್ಟಿಗೆ ಹೊತ್ತು ಯಾರ್ಯಾರದೋ ಮಹಡಿಗಳನ್ನು ಹತ್ತಿ ಇಳಿದವರು. "ಊರೋರಿಗೆಲ್ಲ ಮನೆ ಕಟ್ಟಿದೀನಿ, ನನಗೊಂದು ಕೂರೋ ಕಟ್ಟೆ ಬೇಡ್ವಾ?" ಎಂದು ಕೆಲಸದಿಂದ ಬರುವಾಗ ಒಡೆದ ಇಟ್ಟಿಗೆಗಳನ್ನು ಬುಟ್ಟಿಯಲ್ಲಿ ಆರಿಸಿ ತಂದು, ಮಿಕ್ಕ ಸಿಮೆಂಟಿನಲ್ಲಿ ಮೆತ್ತಿ, ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಅದನ್ನು ಎಬ್ಬಿಸಿದ್ದರಂತೆ. ಅಲ್ಲಿ ಕೂತರೆ ಗಲ್ಲಿಯ ಎರಡೂ ತುದಿ ಕಾಣುತ್ತದೆ. ಯಾರ ಮನೆಗೆ ಯಾರು ಬಂದರು, ಯಾರ ಕೊಡ ಯಾರ ಸಾಲಿನಲ್ಲಿ ನುಗ್ಗಿತು, ಯಾರ ಮಗ ಶಾಲೆಗೆ ಚಕ್ಕರ್ ಹೊಡೆದ, ಎಲ್ಲಕ್ಕೂ ತೀರ್ಪು ಅಲ್ಲಿಂದಲೇ. ಮಕ್ಕಳು ಅವರನ್ನು ಪೊಲೀಸಜ್ಜಿ ಎಂದು ಕರೆಯುತ್ತಿದ್ದವು. ನನಗೂ ಅವರಿಗೂ ಹಾಲು ಸಕ್ಕರೆಯ ಹಾಗೆ ಹೊಂದಿಕೆ ಇತ್ತು ಎಂದು ಸುಳ್ಳು ಹೇಳುವುದಿಲ್ಲ. ನಾನು ಒಳಗಿನಿಂದ ಒಂದು ಅಂದರೆ ಅವರು ಹೊರಗಿನಿಂದ ಎರಡು ಅನ್ನುತ್ತಿದ್ದರು. ಹೊಲಿಗೆಗೆ ಬಂದವರು ಅದನ್ನು ಕೇಳಿಕೊಂಡು ನಗುತ್ತಾ ಕಾಯುತ್ತಿದ್ದರು.

ನಮ್ಮ ಗಲ್ಲಿಯೋ, ಎರಡೂ ಕಡೆ ಮನೆಮನೆಗೂ ಜಗುಲಿ, ನಡುವೆ ಒಬ್ಬರು ನಡೆಯುವಷ್ಟೇ ದಾರಿ. ಚರಂಡಿ ಇಲ್ಲ, ನೀರಿನ ಪೈಪು ಇಲ್ಲ. ಮಳೆ ಬಂದರೆ ಎಲ್ಲರ ಪಾತ್ರೆ ತೊಳೆದ ನೀರು ಎಲ್ಲರ ಮನೆಗೂ ಸಮನಾಗಿ ಹಂಚಿಕೆಯಾಗುತ್ತಿತ್ತು. ಪಕ್ಕದ ಮನೆಯ ವೆಲ್ಡರನ ಹೆಂಡತಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸ್ ದೊಡ್ಡ ರಸ್ತೆಯಲ್ಲೇ ನಿಂತಿತು. ಮಂಚದ ಮೇಲೆ ಹೊತ್ತುಕೊಂಡು ಹೊರಟರೆ ಮಂಚ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಮಗು ಅಲ್ಲೇ ಹುಟ್ಟಿತು, ಗಂಡಸರೆಲ್ಲ ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದರು. ಪುಣ್ಯಕ್ಕೆ ತಾಯಿ ಮಗು ಉಳಿದರು.

ನಮ್ಮನ್ನೆಲ್ಲ ಎತ್ತಿ ಊರಾಚೆಯ ಕಟ್ಟಡಗಳಿಗೆ ಹಾಕುತ್ತೇವೆ ಎಂದು ನಗರದ ಕಚೇರಿಯವರು ಮೊದಲಿನಿಂದ ಹೇಳುತ್ತಲೇ ಇದ್ದರು. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಮಾತ್ರ ಬೇರೆ ದಾರಿ ತೋರಿಸಿದರು. ನಕ್ಷೆಯನ್ನು ನೀವೇ ಮಾಡಿಕೊಡಿ, ಗಲ್ಲಿಗೆ ಹತ್ತು ಅಡಿ ಬಿಡಿ, ಚರಂಡಿಯನ್ನೂ ಪೈಪನ್ನೂ ನಾವು ಹಾಕುತ್ತೇವೆ, ಮನೆಗಳಿಗೆ ಹಕ್ಕುಪತ್ರ ಕೊಡುತ್ತೇವೆ. ಆದರೆ ಎಲ್ಲರೂ ಒಪ್ಪಿರಬೇಕು. ಒಂದೇ ಒಂದು ಮನೆಯವರು ಒಲ್ಲೆ ಅಂದರೂ ಆಗುವುದಿಲ್ಲ. ಇದಿಷ್ಟು ಅವರ ಮಾತು. ಸಹಾಯಕ್ಕೆಂದು ನಕ್ಷೆ ಬಲ್ಲ ಹೆಣ್ಣುಮಗಳೊಬ್ಬಳು ಬಂದಳು. ನಾವು ಅವಳನ್ನು ನಕ್ಷೆ ಮೇಡಂ ಎಂದೆವು. ಬಂದವಳೇ, "ಇಲ್ಲಿ ಅಳತೆ ಗೊತ್ತಿರೋರು ಯಾರು?" ಎಂದು ಕೇಳಿದಳು. ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡು ನಿಂತಿದ್ದವಳು ನಾನೊಬ್ಬಳೇ. ಅವತ್ತಿನಿಂದ ನಾನು ಟೇಪಕ್ಕ ಆದೆ. ಗಲ್ಲಿಯ ಮುಂದಾಳು ಕೂಡ.

ನಕ್ಷೆ ಮೇಡಂ ನಮಗೆ ಒಂದು ದಾರಿ ಹೇಳಿಕೊಟ್ಟಳು. ಪ್ರತಿ ಮನೆಯವರೂ ತಮ್ಮ ಮನೆಯನ್ನು ಅಳೆದು, ಅದರಂತೆ ರಟ್ಟಿನಲ್ಲಿ ಕತ್ತರಿಸಿ ತರಬೇಕು. ನೆಲದ ಮೇಲೆ ದೊಡ್ಡ ಹಾಳೆ ಹಾಸಿ, ಅದರ ಮೇಲೆ ಎಲ್ಲ ರಟ್ಟುಗಳನ್ನೂ ಇಟ್ಟು, ಗಲ್ಲಿ ಎಲ್ಲಿ ಹೋಗಬೇಕೆಂದು ನಾವೇ ಸರಿಸಿ ನೋಡಬೇಕು. ಒಳ್ಳೆಯ ಆಟ ಎಂದು ಎಲ್ಲರೂ ಕತ್ತರಿಸಿ ತಂದರು. ಇಟ್ಟು ನೋಡಿದರೆ ಹಾಳೆಯ ಮೇಲೆ ಗಲ್ಲಿಯೇ ಇಲ್ಲ! ಮನೆಗೆ ಮನೆ ಒತ್ತಿಕೊಂಡು ಎಲ್ಲ ತುಂಬಿಹೋಗಿದೆ. ಎದುರು ಮನೆಯ ಕಟಿಂಗ್ ಅಂಗಡಿಯ ಅಣ್ಣನ ರಟ್ಟಿಗಂತೂ ಜಾಗವೇ ಸಿಗದೆ ಹಾಳೆಯಿಂದ ಹೊರಗೆ ಬಿದ್ದಿತ್ತು.

"ಏನ್ರೀ ಇದು, ನನ್ನ ಮನೇನ ಮೋರಿಗೆ ಹಾಕ್ತೀರಾ?" ಎಂದು ಕಟಿಂಗ್ ಅಣ್ಣ ಕೂಗಾಡಿದ.

"ಯಾರೋ ಅಳತೆ ಜಾಸ್ತಿ ಮಾಡಿದಾರೆ" ಎಂದೆ ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಅಲ್ಲ, ಎಲ್ಲರೂ ಒಂದೊಂದು ಬೆರಳು ಹೆಚ್ಚಿಗೆ ಕತ್ತರಿಸಿದ್ದರು. ಮುಂದೆ ಚೌಕಾಸಿಯಲ್ಲಿ ಒಂದಷ್ಟು ಹೋಗುತ್ತದೆ, ಈಗಲೇ ಸೇರಿಸಿಟ್ಟುಕೊಂಡರೆ ನಷ್ಟವಿಲ್ಲ ಎಂಬ ಲೆಕ್ಕ. ನಮ್ಮನೆಯ ರಟ್ಟನ್ನು ನನ್ನ ಗಂಡ ಕತ್ತರಿಸಿದ್ದು. ಗೋಡೆಗೆ ಬಣ್ಣ ಬಳಿಯುವವನು, ಆರಕ್ಕೇರದ ಮೂರಕ್ಕಿಳಿಯದ ಮನುಷ್ಯ. ಅವನೂ ಎರಡು ಬೆರಳು ಸೇರಿಸಿದ್ದ! ನಗು ಬಂತು, ಸಿಟ್ಟೂ ಬಂತು. ಆಮೇಲೆ ಒಂದು ನಿಯಮ ಮಾಡಿದೆವು. ಯಾರೂ ತಮ್ಮ ಮನೆಯನ್ನು ತಾವು ಅಳೆಯುವ ಹಾಗಿಲ್ಲ. ನಿಮ್ಮನ್ನು ಕಂಡರೆ ಆಗದವರು ಪಕ್ಕದಲ್ಲಿದ್ದರೆ ಅವರೇ ಅಳೆಯಲಿ, ಒಂದು ನೂಲು ಹೆಚ್ಚು ಕೊಡುವುದಿಲ್ಲ.

ನಮ್ಮನೆಯನ್ನು ಅಳೆದವನು ಕಟಿಂಗ್ ಅಣ್ಣ. ಗೋಡೆಯ ಅಳತೆ ಮುಗಿಸಿ ಜಗುಲಿಯ ಹತ್ತಿರ ಬಂದು ನಿಂತ. "ಟೇಪಕ್ಕ, ಇದನ್ನ ಸೇರಿಸ್ಲಾ?" ಎಂದ.

"ಬಿಡಣ್ಣ, ಜಗುಲಿ ಎಂಥ ಮನೆ" ಎಂದುಬಿಟ್ಟೆ.

ಅದು ನನ್ನೊಬ್ಬಳ ಮಾತಲ್ಲ, ಗಲ್ಲಿಗೆ ಗಲ್ಲಿಯೇ ಆಡಿದ ಮಾತು. ಕಚೇರಿಯವರು ತಪಾಸಣೆಗೆ ಬಂದಾಗಲೆಲ್ಲ "ಈ ಜಗುಲಿ ಯಾರ್ದು?" ಎಂದು ಗದರಿಸುತ್ತಿದ್ದರು. ನಮ್ಮದು ಎಂದರೆ ಒತ್ತುವರಿ, ಒಡೆಯುತ್ತಾರೆ. "ಗೊತ್ತಿಲ್ಲ ಸಾರ್, ನಾವು ಬರೋಕೆ ಮುಂಚೇನೇ ಇತ್ತು" ಎಂಬುದು ನಮ್ಮೆಲ್ಲರ ಬಾಯಿಪಾಠ. ಅತ್ತೆಯಂತೂ ಅದರ ಮೇಲೆ ಕಾಲು ಚಾಚಿ ಕೂತುಕೊಂಡೇ, "ನಾನೂ ಸುಮ್ನೆ ದಣಿವಾರಿಸ್ಕೊಳ್ತಾ ಇದೀನಿ ಸಾಮಿ" ಅನ್ನುತ್ತಿದ್ದರು. ನಮ್ಮದಲ್ಲ, ನಮ್ಮದಲ್ಲ ಎಂದು ಹೇಳಿ ಹೇಳಿ, ನಮ್ಮದೇ ನಕ್ಷೆ ಬರೆಯುವಾಗಲೂ ಒಬ್ಬರೂ ಒಂದು ಜಗುಲಿಯನ್ನೂ ಬರೆಸಲಿಲ್ಲ. ಕಟಿಂಗ್ ಅಣ್ಣ ಅಳೆಯುವಾಗ ಅತ್ತೆ ಅಲ್ಲೇ ಕೂತಿದ್ದರು. ಟೇಪು ಹಾಯಲೆಂದು ಕಾಲೆತ್ತಿ ದಾರಿ ಮಾಡಿಕೊಟ್ಟರು. ನಾನಂದದ್ದು ಅವರಿಗೆ ಕೇಳಿಸಿತ್ತು.

ಜಗುಲಿಗಳಿಲ್ಲದ ನಕ್ಷೆಯಲ್ಲಿ ಹತ್ತು ಅಡಿ ಗಲ್ಲಿ ಸಲೀಸಾಗಿ ಕೂತಿತು. ಕೆಲವರ ಗೋಡೆ ಅಷ್ಟಿಷ್ಟು ಹಿಂದೆ ಸರಿಯಬೇಕಿತ್ತು. ಅವರ ಕೈಕಾಲು ಹಿಡಿದು ಒಪ್ಪಿಸಿದವಳು ನಾನೇ. "ಒಂದು ಮೊಳ ಬಿಟ್ರೆ ಸತ್ತೋಗ್ತೀಯಾ?" ಎಂದು ವೆಲ್ಡರನ ಹೆಂಡತಿಯ ಹತ್ತಿರ ಜಗಳವಾಡಿದ್ದೆ. ಪಾಪ, ತನ್ನ ಬಚ್ಚಲನ್ನೇ ಅವಳು ಬಿಟ್ಟುಕೊಟ್ಟಳು.

ಮನೆಯಲ್ಲಿ ಅತ್ತೆ ಜಗಳ ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ.

"ಜಗುಲಿ ಹೋಗುತ್ತೆ ಅತ್ತೆ. ಆದ್ರೆ ನಲ್ಲಿ ನಮ್ಮ ಬಾಗಿಲಿಗೇ ಬರುತ್ತೆ."

"ಬರ್ಲಿ."

"ಒಂದು ಕುರ್ಚಿ ತಂದ್ಕೊಡ್ತೀನಿ ನಿಮಗೆ."

"ಎಲ್ಲಿ ಹಾಕ್ತೀಯಾ?"

ಗಲ್ಲಿ ಅಗಲವಾದರೆ ಅಲ್ಲಿ ಬೈಕು ಓಡುತ್ತವೆ, ಗಾಡಿ ಬರುತ್ತದೆ. ಒಳಗೆ ಹಾಕಿದರೆ ನಾನು ಎದ್ದು ಹೊರಗೆ ನಿಲ್ಲಬೇಕು. "ನೋಡೋಣ" ಎಂದೆ. ನೋಡೋಣ ಎಂದರೆ ಇಲ್ಲ ಎಂದರ್ಥ, ಅದು ಅತ್ತೆಗೆ ಗೊತ್ತಿಲ್ಲವೇ? ಅವರು ಬಾಯಿ ತುಂಬ ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ನಕ್ಷೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಎಳೆದು ನೋಡುವುದು ಕೊನೆಯ ಕೆಲಸ. ಸಂಜೆ ಎಲ್ಲ ಸೇರಿ ಬೆನ್ನು ಬಗ್ಗಿಸಿ ಗೆರೆ ಎಳೆದೆವು. ಬೆಳಿಗ್ಗೆ ನಕ್ಷೆ ಮೇಡಂ ಬಂದು ನೋಡಿದರೆ ಒಂದು ಗೆರೆಯೂ ಇಲ್ಲ. ಯಾವ ಮನೆಹಾಳರು ಅಳಿಸಿದರೋ ಎಂದು ಬೈಯಲು ಹೊರಟ ನಾನು ನನ್ನದೇ ಕೈಯಲ್ಲಿದ್ದ ಪೊರಕೆ ನೋಡಿ ಬಾಯಿ ಮುಚ್ಚಿಕೊಂಡೆ. ಹೆಂಗಸರೆಲ್ಲ ಎದ್ದ ಕೂಡಲೇ ಅಭ್ಯಾಸಬಲದಿಂದ ತಮ್ಮ ತಮ್ಮ ಬಾಗಿಲು ಗುಡಿಸಿ ನೀರು ಹಾಕಿದ್ದೆವು! ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮತ್ತೆ ಬೆನ್ನು ಬಗ್ಗಿಸಿದೆವು.

ಗೆರೆ ಮುಗಿದ ಮೇಲೆ ಮಂಚ ತಂದೆವು. ಹೆತ್ತ ಮಂಚವೇ ಬೇಕೆಂದು ವೆಲ್ಡರನ ಹೆಂಡತಿ ಹಟ ಹಿಡಿದು ತಾನೇ ಅದರ ಮೇಲೆ ಮಲಗಿದಳು. ನಾಲ್ವರು ಗಂಡಸರು ಎತ್ತಿಕೊಂಡರು. ಹಳೆಯ ಗೋಡೆಗಳು ಇನ್ನೂ ಅಲ್ಲೇ ಇದ್ದವು, ಹಾಗಾಗಿ ನಕ್ಷೆಯ ಹೊಸ ತಿರುವನ್ನು ಗಲ್ಲಿಯಾಚೆಯ ಬಯಲಿನಲ್ಲಿ ಅದೇ ಅಳತೆಗೆ ಎಳೆದಿದ್ದೆವು. ಮಂಚ ಒಂದು ಗೆರೆಯನ್ನೂ ತುಳಿಯದೆ ತಿರುಗಿತು. ಮಲಗಿದ್ದವಳು ನಗುತ್ತಾ ನಗುತ್ತಾ ಅತ್ತುಬಿಟ್ಟಳು. ನನಗೂ ಅಳು ಬಂತು. ಇಷ್ಟು ದಿನದ ಜಗಳ, ಗೋಗರೆತ, ಅಲೆದಾಟ ಎಲ್ಲ ಸಾರ್ಥಕವಾಯಿತು ಎನ್ನಿಸಿತು.

ಇನ್ನುಳಿದದ್ದು ಒಪ್ಪಿಗೆ. ಕೈ ಎತ್ತಿಸಿದರೆ ಪಕ್ಕದವರು ನಮ್ಮ ಕೈಯನ್ನೂ ಎತ್ತಿಬಿಡುತ್ತಾರೆ. ಆದ್ದರಿಂದ ನಮ್ಮಲ್ಲಿ ಬೇರೆ ಪದ್ಧತಿ ಮಾಡಿಕೊಂಡಿದ್ದೆವು. ಒಪ್ಪಿದವರು ತಮ್ಮ ಮನೆಯ ಮುಂದಿನ ಸುಣ್ಣದ ಗೆರೆಯ ಮೇಲೆ ಎದ್ದು ನಿಲ್ಲಬೇಕು, ಒಪ್ಪದವರು ಕೂತಿರಬೇಕು. ಕಚೇರಿಯ ಪಟ್ಟಿಯಲ್ಲಿ ಮನೆ ಯಾರ ಹೆಸರಿನಲ್ಲಿದೆಯೋ ಅವರೇ ನಿಲ್ಲಬೇಕು. ನಮ್ಮನೆ ಅತ್ತೆಯ ಹೆಸರಿನಲ್ಲಿದೆ.

ನಕ್ಷೆ ಮೇಡಂ ಗಲ್ಲಿಯ ಆ ತುದಿಯಿಂದ ಎಣಿಸುತ್ತಾ ಬಂದಳು. ಎಲ್ಲ ನಿಂತಿದ್ದರು. ಕಟಿಂಗ್ ಅಣ್ಣ ನಿಂತಿದ್ದ, ವೆಲ್ಡರನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನಮ್ಮನೆಯ ಮುಂದೆ ಸುಣ್ಣದ ಗೆರೆ ನೆಲದಿಂದ ಜಗುಲಿಯ ಮೇಲೆ ಹತ್ತಿ, ಗೋಡೆಯ ಬುಡಕ್ಕೆ ಅಂಟಿಕೊಂಡು ಸಾಗಿ, ಆ ಕಡೆ ಇಳಿದಿತ್ತು. ಅತ್ತೆ ಆ ಗೆರೆಗೆ ಬೆನ್ನು ಹಾಕಿ ಕೂತಿದ್ದರು.

"ಅಜ್ಜೀ, ಎದ್ದೇಳಿ" ಎಂದಳು ಮೇಡಂ. ಅತ್ತೆ ಏಳಲಿಲ್ಲ.

ಆಮೇಲೆ ವೆಲ್ಡರನ ಹೆಂಡತಿಯ ಬಾಯಿ ತೆರೆಯಿತು. "ನೋಡಿದ್ರಾ! ನನ್ನ ಬಚ್ಚಲು ಬಿಡ್ಸಿದ್ಲು, ಅವಳ ಅತ್ತೆ ಕೂತಲ್ಲಿಂದ ಅಲ್ಲಾಡಲ್ಲ. ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಬೇರೆಯವರ ಎಲೆ ನೊಣ ತೋರಿಸಿದ್ಲಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ, ಅತ್ತೆಯ ಮೇಲೆ. ಇಷ್ಟು ದಿನ ಹೂಂ ಎಂದು, ಬರ್ಲಿ ಎಂದು, ಕೊನೆಗೆ ಎಲ್ಲರ ಎದುರು ನನ್ನ ಮಾನ ಕಳೆಯಬೇಕೆ? "ಏನತ್ತೆ ಇದು? ಮೊದಲೇ ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು? ಒಂದು ಜಗುಲಿಗೋಸ್ಕರ ಇಡೀ ಗಲ್ಲಿ ಮುಳುಗ್ಸ್ತೀರಾ? ಏಳಿ ಮೇಲೆ!" ಎಂದು ಕಿರುಚಿದೆ. ಗಂಡ ನನ್ನ ಸೆರಗು ಎಳೆದ. ಕೊಡವಿಕೊಂಡೆ.

ಅತ್ತೆ ಕೂಗಲಿಲ್ಲ. ಅವರು ಕೂಗದೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

"ಏಳ್ತೀನಿ ಕಣೇ. ಎದ್ದ ಮೇಲೆ ಎಲ್ಲಿ ಕೂತ್ಕೊಳ್ಲಿ, ಅದನ್ನೊಂದು ಹೇಳು."

ನಾನು ನಕ್ಷೆಯ ಹಾಳೆ ಬಿಚ್ಚಿ ನೋಡತೊಡಗಿದೆ.

"ನಿಮ್ಮ ಹಾಳೇಲಿ ಹುಡುಕ್ದೆ" ಎಂದರು ಅತ್ತೆ. "ನಲ್ಲಿಗೆ ಜಾಗ ಇದೆ, ಗಾಡಿಗೆ ಜಾಗ ಇದೆ, ಮೋರಿಗೂ ಜಾಗ ಇದೆ. ಬೆಳಗಿಂದ ಸಂಜೆ ತನಕ ನಾನಿರೋಕೆ ಇಲ್ಲ. ಒಳಗೆ ಕೂತ್ರೆ ನಿನ್ನ ಕೆಲಸ ನಿಲ್ಲುತ್ತೆ. ಅಡುಗೆಮನೇಲಿ ನೆಲದ ಮೇಲೆ ಕೂತ್ರೆ ಈ ಮಂಡಿ ಏಳೋಕೆ ಬಿಡಲ್ಲ, ಯಾರಾದ್ರೂ ಎತ್ತೋ ತನಕ ಮೂಟೆ ಥರ ಬಿದ್ದಿರಬೇಕು. ನನಗೆ ಹಕ್ಕುಪತ್ರ ಬೇಡ ಅಂತಲ್ಲ. ನನ್ನ ಹೆಸರಿನ ಮನೇಲಿ ನಾನೆಲ್ಲಿ?"

ಕಟಿಂಗ್ ಅಣ್ಣ ತನ್ನ ಬಾಗಿಲ ಪಕ್ಕದ ಜಗುಲಿಯನ್ನು ತಿರುಗಿ ನೋಡಿದ. ಅಲ್ಲಿ ಅವನ ಅಪ್ಪ ಕೂತಿದ್ದರು. ನಾನು ಗಲ್ಲಿಯುದ್ದಕ್ಕೂ ಕಣ್ಣು ಹಾಯಿಸಿದೆ. ಪ್ರತಿಯೊಂದು ಜಗುಲಿಯ ಮೇಲೂ ನಮ್ಮ ಸುಣ್ಣ ಹತ್ತಿ ಇಳಿದಿತ್ತು. ಅಷ್ಟೂ ಗೆರೆ ಎಳೆಸಿದವಳು ನಾನು, ಒಂದರ ಹತ್ತಿರವೂ ನನ್ನ ಕೈ ತಡೆದಿರಲಿಲ್ಲ.

"ಮೇಡಂ, ಗಲ್ಲೀನ ಒಂಬತ್ತು ಅಡಿ ಮಾಡಿದ್ರೆ?" ಎಂದೆ.

ಅವಳಿಗೂ ಕಷ್ಟವಾಗಿತ್ತು, ಮುಖ ಬಾಡಿತ್ತು. "ಆಗಲ್ಲ ಅಕ್ಕ. ಹತ್ತಕ್ಕೆ ಕಮ್ಮಿ ಆದ್ರೆ ಅವರು ಪೈಪ್ ಹಾಕಲ್ಲ, ಪತ್ರಾನೂ ಕೊಡಲ್ಲ."

ಹೊರಗೆ ಜಾಗವಿಲ್ಲ ಎಂದರೆ ಒಳಗೇ ಹುಡುಕಬೇಕು. ಇನ್ನೊಬ್ಬರ ಬಚ್ಚಲು ಬಿಡಿಸಿದ ಬಾಯಲ್ಲಿ ಈಗ ಯಾರನ್ನು ಏನು ಕೇಳಲಿ? ಸುಣ್ಣದ ಡಬ್ಬ ಎತ್ತಿಕೊಂಡು ಮನೆಯೊಳಗೆ ಹೋದೆ. ಬಟ್ಟೆ ಗಂಟುಗಳನ್ನು ಕಾಲಲ್ಲಿ ಸರಿಸಿದೆ. ಮುಂದಿನ ಗೋಡೆಯಿಂದ ಒಳಕ್ಕೆ, ಹಲಗೆಯೂ ಮಷೀನೂ ಇರುವ ಜಾಗವನ್ನೆಲ್ಲ ಹೊರಗೆ ಬಿಟ್ಟು, ಕೋಣೆಯ ನಡುವೆ ಒಂದು ಗೆರೆ ಎಳೆದುಬಿಟ್ಟೆ. ಗೆರೆ ಸೊಟ್ಟಗಾಯಿತು.

"ಇಲ್ಲಿಗೆ ಬರುತ್ತೆ ಗೋಡೆ" ಎಂದು ಕೂಗಿ ಹೇಳಿದೆ. "ಆಚೆದೆಲ್ಲ ಜಗುಲಿ."

ಬಾಗಿಲಲ್ಲಿ ಎಲ್ಲ ಬಂದು ಇಣುಕಿದರು. "ಏಯ್, ಮಷೀನ್ ಎಲ್ಲಿ ಇಡ್ತೀಯಾ?" ಎಂದ ನನ್ನ ಗಂಡ. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆ ಮಷೀನು ಇಲ್ಲದಿದ್ದರೆ ಮಕ್ಕಳ ಹೊಟ್ಟೆಗೇನು ಎಂಬ ಹೆದರಿಕೆ ಆಗಲೇ ಶುರುವಾಗಿತ್ತು. ಎಳೆದ ಗೆರೆಯನ್ನು ಅಳಿಸುವ ಮುಖ ಮಾತ್ರ ನನಗಿರಲಿಲ್ಲ.

ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಅತ್ತೆ ಒಳಗೆ ಬಂದರು. ಗೆರೆ ನೋಡಿದರು. ನನ್ನನ್ನು ನೋಡಿದರು.

"ಅಯ್ಯೋ ಪೆದ್ದಿ! ಜಗುಲಿ ಕೇಳಿದ್ರೆ ಮೈದಾನ ಕೊಡ್ತಾಳೆ. ಇಷ್ಟಗಲ ಏನ್ ಮಾಡ್ಲಿ, ಓಡಾಡ್ಲಾ? ಮಷೀನ್ ಎತ್ತಿಟ್ರೆ ಅನ್ನ ಎಲ್ಲಿಂದ ಬರುತ್ತೆ, ನಿನ್ನ ಗಂಡನ ಬ್ರಷ್ಷಿಂದಲಾ?" ಎಂದು ಪಾದದಿಂದ ನನ್ನ ಗೆರೆಯನ್ನು ಉಜ್ಜಿ ಅಳಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು, ಅಮ್ಮಾ ಎಂದು ಮುಲುಕುತ್ತಾ, ಮುಂದಿನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಕಾಲು ಮಡಚಿಕೊಂಡರು. "ಹಾಕು ಸುಣ್ಣ. ನನ್ನ ಮಂಡಿ ಮುಂದೆ ಹಾಕು. ನನಗಿರೋದು ಒಂದೇ ಅಂಡು, ಅದಕ್ಕೆಷ್ಟು ಬೇಕೋ ಅಷ್ಟು ಸಾಕು."

ಜನರೆಲ್ಲ ನಕ್ಕರು. ನಾನು ಅವರ ಮಂಡಿಯ ಮುಂದೆ ಸುಣ್ಣ ಹಾಕಿದೆ. ಅಳೆದು ನೋಡಿದರೆ ಕತ್ತರಿಸುವ ಹಲಗೆಯ ಜಾಗ ಮಾತ್ರ ಹೋಗುತ್ತಿತ್ತು, ಮಷೀನು ಹೊಸ ಗೋಡೆಗೆ ಅಂಟಿಕೊಂಡು ಉಳಿಯುತ್ತಿತ್ತು. ಕಿಟಕಿಯನ್ನು ಆ ಗೋಡೆಗೇ ಇಟ್ಟರಾಯಿತು. ಹಲಗೆ ಬೇಕಾದಾಗ ಜಗುಲಿಯ ಮೇಲೆ ಹಾಕಿಕೊಳ್ಳಲಿ ಎಂದು ಅತ್ತೆಯೇ ಅಪ್ಪಣೆ ಕೊಟ್ಟರು. "ನಾನು ಸ್ವಲ್ಪ ಸರೀತೀನಿ. ದಿನಾ ಅಲ್ಲ ಮತ್ತೆ."

ಎದುರಿನಿಂದ ಕಟಿಂಗ್ ಅಣ್ಣ, "ಆ ಡಬ್ಬ ಈ ಕಡೆ ಕೊಡಿ" ಎಂದ. ಅವನ ಅಪ್ಪನನ್ನು ಕೂರಿಸಿ ಅವನೂ ಒಂದು ಗೆರೆ ಎಳೆದ. ಎಲ್ಲರೂ ಹಾಗೆ ಮಾಡಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಳಗೆ ಬಿಡಲು ಒಂದು ಗೇಣೂ ಇಲ್ಲದ ಮನೆಗಳಿದ್ದವು. ಬಚ್ಚಲು ಬಿಟ್ಟಿದ್ದ ವೆಲ್ಡರನ ಹೆಂಡತಿ, "ನಾನು ಇವರ ಜಗುಲಿಗೇ ಬಂದು ಕೂರ್ತೀನಿ, ಯಾರ್ ಕೇಳ್ತಾರೆ" ಎಂದು ಹೇಳಿಕೊಂಡು ಹೋದಳು.

ಅತ್ತೆ ಇನ್ನೂ ನೆಲದ ಮೇಲೇ ಇದ್ದರು. "ಕೂರಿಸಿದ್ದಾಯ್ತಲ್ಲ, ಈಗ ಎಬ್ಬಿಸು" ಎಂದು ಕೈ ಚಾಚಿದರು. ಎರಡೂ ಕೈ ಹಿಡಿದು ಎಳೆದೆ. ಇಷ್ಟು ಹಗುರ ಎಂದುಕೊಂಡಿರಲಿಲ್ಲ. ಎದ್ದು, ನನ್ನ ಹೆಗಲಿಗೆ ಭಾರ ಹಾಕಿ, ಹೊರಗೆ ಬಂದರು.

"ಗೋಡೇನ ಅರ್ಧ ಇಟ್ಟಿಗೆದು ಕಟ್ಸು, ದಪ್ಪ ಬೇಡ" ಎಂದರು ನಡೆಯುತ್ತಾ.

"ಜಾಗ ಉಳಿಯುತ್ತೆ ಅಂತಾನಾ?"

"ಜಾಗ ಹಾಳಾಗ್ಲಿ. ನೀನು ಒಳಗೆ ಬೈಯೋದು ನನಗೆ ಕೇಳಿಸ್ಬೇಕು. ಬೆಳಗಿಂದ ಸಂಜೆ ತನಕ ನನಗೆ ಇನ್ನೇನಿದೆ?"

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅತ್ತೆ ಜಗುಲಿಯ ಪಕ್ಕದಲ್ಲಿ, ಸುಣ್ಣದ ಗೆರೆಯ ಮೇಲೆ ಎರಡೂ ಪಾದ ಜೋಡಿಸಿ ನಿಂತರು. ನಕ್ಷೆ ಮೇಡಂ ನಮ್ಮ ಮನೆಯನ್ನು ಎಣಿಸಿಕೊಂಡು ಮುಂದಿನ ಬಾಗಿಲಿಗೆ ಹೋದಳು.